ಮುಕ್ಕಾಲು ಕೊಡದವರ ಸಭೆ

ಹುಣಸೆಹಣ್ಣಿಗೆ ಚಿಟಿಕೆ ಉಪ್ಪು ಬೆರೆಸಿ ತಾಮ್ರದ ಕೊಡದ ಕಂಠ ಉಜ್ಜುತ್ತಿದ್ದೆ. ಕೊಡದ ಹೊಟ್ಟೆ ಬೆಳಗುವುದು ಸುಲಭ, ಕಂಠವೇ ಕಷ್ಟ. ಹಗ್ಗ ತಾಗಿ ತಾಗಿ ಅಲ್ಲಿ ಕಪ್ಪು ಕೂತುಬಿಟ್ಟಿರುತ್ತದೆ. ಬೆರಳಿಗೆ ತೆಂಗಿನ ನಾರು ಸುತ್ತಿಕೊಂಡು ಒಂದು ಸುತ್ತು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ್ದೆ, ಅಷ್ಟರಲ್ಲಿ ಸೊಸೆ ಸುಗಂಧಿ ಹಿತ್ತಲ ಬಾಗಿಲಿಗೆ ಬಂದು ನಿಂತಳು.

"ಅಷ್ಟೆಲ್ಲ ಎಂತಕ್ಕೆ ತಿಕ್ತೀರಿ ಅತ್ತೆ? ಅದು ಸಭೆಗೆ ಹೋಗುವ ಕೊಡ, ಮದುವೆಗಲ್ಲ."

"ಸಭೆಗೆ ಅಂತಲೇ ತಿಕ್ಕುವುದು. ಮದುವೆಗೆ ಬಂದವರು ಊಟ ನೋಡ್ತಾರೆ. ಸಭೆಗೆ ಬಂದವರಿಗೆ ನೋಡ್ಲಿಕ್ಕೆ ಬೇರೆ ಎಂತ ಉಂಟು?"

ಅವಳು ನಗಲಿಲ್ಲ. ಆ ಹೊತ್ತಿಗೆ ಅವಳು ಬರೀ ನನ್ನ ಸೊಸೆಯಾಗಿ ಅಲ್ಲ, ಮುಕ್ಕಾಲು ಕೊಡದವರ ಮಹಿಳಾ ವಿಭಾಗದ ಕಾರ್ಯದರ್ಶಿಯಾಗಿಯೂ ನಿಂತಿದ್ದಳು. ಮರುದಿನ ಶಾಲೆಯ ಮೈದಾನದಲ್ಲಿ ಸಭೆ. ಘಟ್ಟದ ಮೇಲಿನಿಂದ ಸಾಹೇಬರು ಬರುವವರಿದ್ದರು. ಊರವರು ಕೈಯೆತ್ತಿ ಹೂಂ ಎಂದರೆ, ಕಡಲಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ಕರೆದೋಣಿಯ ಕೊಟ್ಟಿಗೆಗೆ ಬೀಗ ಜಡಿದು, ಕೀಲಿಕೈಯನ್ನು ಸಾಹೇಬರು ಜೇಬಿಗೆ ಹಾಕಿಕೊಂಡು ಹೋಗುವುದೆಂದು ಮಾತಾಗಿತ್ತು. ಅವರನ್ನು ಎದುರುಗೊಳ್ಳಲು ಒಂದು ಪೂರ್ಣಕುಂಭ ಬೇಕು. ಹಿಡಿಯುವವಳು ಸುಗಂಧಿ, ಕೊಡ ನಮ್ಮ ಮನೆಯದು. ಯಾಕೆಂದರೆ ಮುಕ್ಕಾಲಿನವರ ಮುಖಂಡರಾದ ಪಾತ್ರೆ ಅಂಗಡಿ ವಾಮನ ಶೇಟರು ಈಚೆಗೆ ತಮ್ಮ ಅಂಗಡಿಯ ಒಂದೊಂದು ಕೊಡಕ್ಕೂ ಮುಕ್ಕಾಲು ಎತ್ತರದಲ್ಲಿ ತೂತು ಕೊರೆಸಿಯೇ ಮಾರುತ್ತಿದ್ದರು. ಅದಕ್ಕೆ ಮಾವಿನೆಲೆ, ತೆಂಗಿನಕಾಯಿ ಇಟ್ಟು ಸಾಹೇಬರ ಎದುರು ಹಿಡಿದಾಗ ಪಕ್ಕದಿಂದ ನೀರು ಪಿಚಕಾರಿಯಂತೆ ಹಾರಿದರೆ ಮರ್ಯಾದೆಯೆ? "ಮಂಕಾಳಕ್ಕ, ನಿಮ್ಮ ಹಳೇ ಕೊಡ ಒಂದು ದಿನದ ಮಟ್ಟಿಗೆ ಬೇಕಿತ್ತು" ಎಂದು ಅವರೇ ಬಂದು ಕೇಳಿದರು. ನಾನು ತುಂಬುಕೊಡದವಳು ಎಂದು ಗೊತ್ತಿದ್ದೂ ಕೇಳಿದರು. ಪಾತ್ರೆ ಕೇಳಿದವರಿಗೆ ಇಲ್ಲ ಅನ್ನುವ ರೂಢಿ ನಮ್ಮಲ್ಲಿಲ್ಲ. ಹೂಂ ಎಂದೆ.

ಊರು ಹೀಗೆ ಎರಡು ಹೋಳಾದದ್ದಕ್ಕೆ ಕಾರಣ ಉಂಟು. ನಮ್ಮಲ್ಲಿ ಕೊಡ ಅಂಚಿನವರೆಗೆ ತುಂಬಿದ್ದರೆ, ಕಡಲಲ್ಲಿ ದಿಕ್ಕುಗೆಟ್ಟವರು ಕೂಗುವುದು ಅದರಲ್ಲಿ ಕೇಳುತ್ತದೆ. ಎಲ್ಲ ಮನೆಯಲ್ಲೂ ಅಲ್ಲ. ಒಂದು ಸಲಕ್ಕೆ ಒಂದೇ ಕೊಡ. ಒಂದು ಬೆರಳು ನೀರು ಇಳಿದಿದ್ದರೂ ಕೇಳುವುದಿಲ್ಲ. ಕೇಳಿದ ಮನೆಯಿಂದ ಒಬ್ಬರು ಹೋಗಿ ಕರೆದೋಣಿಯ ಐದನೆಯ ಹುಟ್ಟು ಹಿಡಿಯಬೇಕು. ಉಳಿದ ನಾಲ್ಕಕ್ಕೆ ಇನಾಸ ಮತ್ತು ಅವನ ಜೊತೆಯವರು ಇದ್ದೇ ಇದ್ದಾರೆ. ಅವರಿಗೆ ಸಂಬಳವಿಲ್ಲ, ಸಮವಸ್ತ್ರವಿಲ್ಲ. ಹೊರಡುವಾಗ ಒಂದು ಲೋಟ ಬೆಲ್ಲದ ಕಾಫಿ, ಬಂದ ಮೇಲೆ ಇನ್ನೊಂದು. ದೋಣಿ ಮರಳುವ ತನಕ ಕೂಗುವ ಕೊಡವನ್ನು ನೆಲಕ್ಕೆ ಇಳಿಸುವಂತಿಲ್ಲ. ಮಡಿಲಲ್ಲಿ ಇಟ್ಟುಕೊಂಡು ಒಬ್ಬರು ಕೂರಬೇಕು, ಹನಿಯೂ ಚೆಲ್ಲಬಾರದು. ದೋಣಿ ಯಾರನ್ನು ತರುತ್ತದೋ ಅವರ ಮೊದಲ ಊಟ ಆ ಕೊಡದ ಮನೆಯಲ್ಲೇ.

ನನ್ನ ಅಜ್ಜಿಯ ಕಾಲದಲ್ಲಿ ಕೂಗಿದವರೆಲ್ಲ ನಮ್ಮವರೇ. ಬಲೆಗೆ ಹೋದವರು, ಉಪ್ಪಿನ ದೋಣಿಯವರು, ಕುಡಿದು ತಪ್ಪಿ ಆಚೆ ಹೋದವರು. ಹೆಂಡತಿಯ ಹೆಸರು ಹಿಡಿದೇ ಕೂಗುತ್ತಿದ್ದರಂತೆ. ಆಗ ಯಾರಿಗೂ ಚರ್ಚೆ ಬೇಕಾಗಿರಲಿಲ್ಲ. ಈಗ ಕೆಲವು ವರ್ಷಗಳಿಂದ ಕೂಗು ಬೇರೆ ಭಾಷೆಯದು. ಆಚೆ ದಡದಲ್ಲಿ ಏನೇನೋ ಹೊತ್ತಿ ಉರಿದು, ಅಲ್ಲಿಯವರು ಹರಕು ದೋಣಿಯೋ ರಬ್ಬರಿನ ತೆಪ್ಪವೋ, ಸಿಕ್ಕಿದ್ದು ಹತ್ತಿ ಹೊರಟು ಬರುತ್ತಾರೆ. ಶುರುವಾಯಿತು ನೋಡಿ ಚರ್ಚೆ. ಕ್ಷೌರದ ಅಂಗಡಿಯಲ್ಲಿ ಅದೇ, ಮೀನು ಮಾರ್ಕೆಟ್ಟಿನಲ್ಲಿ ಅದೇ.

"ನಾವು ಹೋಗ್ತೇವೆ ಅಂತಲೇ ಅವರು ಬರ್ತಾರೆ. ದೋಣಿ ಇಲ್ಲ ಅಂತ ಗೊತ್ತಾದ್ರೆ ಹೊರಡುವುದೇ ಇಲ್ಲ" ಎನ್ನುತ್ತಿದ್ದರು ವಾಮನ ಶೇಟರು.

"ನಮ್ಮ ಊರು ಉಂಟು ಅಂತಲೇ ಅವರಿಗೆ ಗೊತ್ತಿಲ್ಲ ಶೇಟ್ರೇ. ಪೋಸ್ಟಿನವನಿಗೇ ಸರಿ ಗೊತ್ತಿಲ್ಲ" ಎನ್ನುತ್ತಿದ್ದ ಇನಾಸ.

"ತಂದವರನ್ನೆಲ್ಲ ಎಲ್ಲಿ ಮಲಗಿಸ್ತೀಯ?"

"ಮೊದಲು ಒಣಗಲಿ ಮಾರಾಯ್ರೆ, ಆಮೇಲೆ ಮಲಗಿಸುವ."

ಕೂಗು ಬೇಡವೆಂದವರು ಕೊಡವನ್ನು ಮುಕ್ಕಾಲಿಗೇ ನಿಲ್ಲಿಸತೊಡಗಿದರು. ಬಾವಿಕಟ್ಟೆಯಲ್ಲಿ ಯಾರ ಕೊಡ ಎಷ್ಟು ತುಂಬಿತು ಎಂದು ಬಗ್ಗಿ ನೋಡುವ ಕೆಟ್ಟ ಚಾಳಿ ಬಂತು. ಹೋದ ಬೇಸಿಗೆಯಲ್ಲಿ ತುಂಬುಕೊಡದ ಮನೆಯ ಹುಡುಗಿಯನ್ನು ಮುಕ್ಕಾಲಿನ ಮನೆಗೆ ಕೊಟ್ಟಾಗ, ಕಳಶಕ್ಕೆ ನೀರು ಎಲ್ಲಿಯವರೆಗೆ ಎಂದು ಬೀಗರು ಮುಹೂರ್ತ ಮೀರುವಷ್ಟು ಜಗಳಾಡಿದರು. ಕೊನೆಗೆ ಪುರೋಹಿತರು ಕಳಶಕ್ಕೆ ಅಕ್ಕಿ ತುಂಬಿಸಿ ತಾಳಿ ಕಟ್ಟಿಸಿದರು.

ನಮ್ಮ ಮನೆಯಲ್ಲಿ ಜಗಳ ಅಷ್ಟು ನಗುವಂಥದ್ದಲ್ಲ. ಹೋದ ವರ್ಷ ಆಷಾಢದ ಗಾಳಿಯಲ್ಲಿ ಕೂಗು ಬಂದದ್ದು ನಮ್ಮದೇ ಕೊಡದಲ್ಲಿ. ನನ್ನ ಮಗ ಜಟ್ಟಪ್ಪ ಐದನೆಯ ಹುಟ್ಟಿಗೆ ಹೋದ. ಪ್ಲಾಸ್ಟಿಕ್ ಡ್ರಮ್ಮನ್ನು ತಬ್ಬಿಕೊಂಡಿದ್ದ ಒಬ್ಬಳೇ ಒಬ್ಬಳು ಹೆಂಗಸನ್ನು ತಂದರು. ದಡಕ್ಕೆ ಬರುವಾಗ ತೆರೆ ಎತ್ತಿ ಹಾಕಿ, ದೋಣಿಗೂ ಬಂಡೆಗೂ ನಡುವೆ ಜಟ್ಟಪ್ಪನ ಬಲ ಭುಜ ಸಿಕ್ಕಿಕೊಂಡಿತು. ಅಂದಿನಿಂದ ಆ ಕೈ ಮೇಲೇಳುವುದಿಲ್ಲ. ಎಡಗೈಯಲ್ಲಿ ಬಲೆ ನೇಯುತ್ತಾನೆ, "ಒಂದು ಕೈ ರಜೆ ಮೇಲೆ ಉಂಟು" ಎಂದು ಬಂದವರಿಗೆಲ್ಲ ಹೇಳಿ ನಗುತ್ತಾನೆ.

ಹೆಂಗಸಿನ ಹೆಸರು ನೈಮಾ. ಜೀಪು ಬಂದು ಕರೆದುಕೊಂಡು ಹೋಗುವ ತನಕ ನಮ್ಮಲ್ಲೇ ಇದ್ದಳು. ಅವಳು ಕಲಿತ ಮೊದಲ ಮಾತು 'ಸಾಕು'. ಕಲಿಯದೆ ಉಪಾಯವಿರಲಿಲ್ಲ, ನಾನು ಬಡಿಸುತ್ತಲೇ ಇದ್ದೆ. ಆಮೇಲೆ ಎಲ್ಲದಕ್ಕೂ ಅದೇ: ಬೆಳಿಗ್ಗೆ ಎದ್ದರೆ ಸಾಕು, ಬಾಗಿಲಿಗೆ ಬೆಕ್ಕು ಬಂದರೆ ಸಾಕು, ನನ್ನ ಕಾಲಿಗೆ ಎಣ್ಣೆ ತಿಕ್ಕಿ ಮುಖ ನೋಡಿ, ಸಾಕು. ಜಟ್ಟಪ್ಪನ ಭುಜಕ್ಕೆಂದು ದಿನಾ ಎಣ್ಣೆ ಕಾಯಿಸಿ ತಂದು ಬಾಗಿಲಾಚೆ ನಿಲ್ಲುತ್ತಿದ್ದಳು. ಸುಗಂಧಿ ಬಟ್ಟಲು ತೆಗೆದುಕೊಳ್ಳುತ್ತಿದ್ದಳು, ಮುಖ ನೋಡುತ್ತಿರಲಿಲ್ಲ.

ಈಗ ಅವಳು ಘಟ್ಟದ ಮೇಲಿನ ಶಿಬಿರದಲ್ಲಿದ್ದಾಳೆ. ಮಳೆ ನಿಂತ ಮೇಲೆ ಅಲ್ಲಿಯವರನ್ನೆಲ್ಲ ಹಡಗಿಗೆ ಹತ್ತಿಸಿ ಹಿಂದಕ್ಕೆ ಕಳಿಸುತ್ತಾರೆ; ಅವಳಿಗೆ ಹಿಂದಕ್ಕೆ ಹೋಗಲು ಊರೇ ಉಳಿದಿಲ್ಲ. ತಡೆಯುವುದು ಒಂದೇ, 'ಇವಳು ನಮ್ಮ ಮನೆಯವಳು' ಎಂದು ಕೊಡದ ಮನೆಯಿಂದ ಒಂದು ಕಾಗದ. ಬರೆದೆ. ನನ್ನ ಅಕ್ಷರ ರಾತ್ರಿಶಾಲೆಯದು, ಸಾಲು ಮೆಟ್ಟಿಲು ಹತ್ತಿದ ಹಾಗೆ ಮೇಲೆ ಹೋಗುತ್ತದೆ, ಆದರೂ ಓದಲು ಬರುತ್ತದೆ. ಆದರೆ ಶಿಬಿರದವರ ನಿಯಮ: ಮನೆಯ ಒಲೆ ಯಾರ ಕೈಯಲ್ಲಿದೆಯೋ ಅವರ ರುಜು ಬೇಕು. ಒಲೆಯನ್ನು ಸುಗಂಧಿಗೆ ಬಿಟ್ಟುಕೊಟ್ಟು ಎಷ್ಟೋ ಕಾಲವಾಗಿತ್ತು.

"ಅವಳನ್ನು ತರ್ಲಿಕ್ಕೆ ಹೋಗಿ ನನ್ನ ಗಂಡನ ಕೈ ಹೋಯ್ತು. ಈಗ ಅವಳನ್ನು ಮನೆಗೂ ತರಬೇಕಾ? ನಾನು ಹಾಕುದಿಲ್ಲ ಅತ್ತೆ" ಎಂದಳು ಆಗಲೇ. ಅವಳದ್ದು ತಪ್ಪಲ್ಲ. ಕಾಗದವನ್ನು ಅಕ್ಕಿ ಡಬ್ಬದ ಕೆಳಗೆ, ಒಂದು ಮೂಲೆ ಹೊರಗೆ ಕಾಣುವ ಹಾಗೆ ಇಟ್ಟೆ. ದಿನಾ ಅಕ್ಕಿ ತೆಗೆಯುವಾಗ ಅವಳು ಅದನ್ನು ನೋಡುತ್ತಿದ್ದಳು, ಸುತ್ತಲೂ ಗುಡಿಸಿ ಅದನ್ನು ಮಾತ್ರ ಅಲ್ಲೇ ಬಿಡುತ್ತಿದ್ದಳು. "ಸುಗಂಧಿ ಹೆಸರನ್ನು ನೀವೇ ಗೀಚಿಬಿಡಿ ಮಂಕಾಳಕ್ಕ, ಅಕ್ಷರ ಬರ್ತದಲ್ಲ" ಎಂದ ಇನಾಸ. "ನಾನು ಕಲಿತದ್ದು ನನ್ನ ಹೆಸರು ಬರೀಲಿಕ್ಕೆ, ಅವಳದ್ದಲ್ಲ" ಎಂದೆ. ಕಾಯುವುದು ನನಗೆ ಕಷ್ಟವಲ್ಲ. ಆದರೆ ಮಳೆ ನಿಂತಿತ್ತು. ಕರೆದೋಣಿಗೆ ಬೀಗ ಬಿದ್ದರೆ ನಮ್ಮ ಊರಿನ ಕಾಗದವನ್ನೂ ಶಿಬಿರದವರು ಇನ್ನು ಮುಂದೆ ತೆಗೆದುಕೊಳ್ಳುವುದಿಲ್ಲ ಎಂಬ ಮಾತೂ ಬಂದಿತ್ತು.

ಮರುದಿನ ಮೈದಾನಕ್ಕೆ ನಾನೇ ಕೊಡ ಹೊತ್ತುಕೊಂಡು ಹೋದೆ. ಶಾಲೆಯ ಬಾವಿಯಿಂದ ಸುಗಂಧಿ ಲೆಕ್ಕವಾಗಿ ಮುಕ್ಕಾಲು ತುಂಬಿಸಿದಳು. ಅಷ್ಟರಲ್ಲಿ ಸಾಹೇಬರ ಕಾರು ತಿರುವಿನಲ್ಲಿ ಕಾಣಿಸಿತು. ಶಾಲು ಸರಿಮಾಡಿಕೊಳ್ಳುತ್ತ ಓಡಿ ಬಂದ ವಾಮನ ಶೇಟರು ಕೊಡದೊಳಗೆ ಬಗ್ಗಿ ನೋಡಿ ಹೌಹಾರಿದರು.

"ಇದೆಂತದು? ದೊಡ್ಡವರನ್ನು ಅರೆಕೊಡ ಹಿಡಿದು ಕರೀಲಿಕ್ಕೆ ಉಂಟಾ? ಅಪಶಕುನ! ತುಂಬ್ಸಿ, ತುಂಬ್ಸಿ, ಕಾರು ಬಂತು!"

ಹೇಳಿದ್ದು ಅವರು. ಚೊಂಬು ನನ್ನ ಕೈಯಲ್ಲಿತ್ತು. ಹೊಯ್ದೆ. ಅತಿಥಿಗೆ ಹಿಡಿಯುವ ಕೊಡ ಎಂದ ಮೇಲೆ ನಮ್ಮ ಕೈ ಅಂಚಿಗೆ ಬಂದೇ ನಿಲ್ಲುವುದು, ಹುಟ್ಟಿದಂದಿನಿಂದ ಹಾಗೇ. ಸುಗಂಧಿಯೂ ಮಾವಿನೆಲೆ ಜೋಡಿಸಿ ಕಾಯಿ ಇಟ್ಟು ಕೊಡವನ್ನು ತೋಳಿಗೆ ತೆಗೆದುಕೊಂಡಳು. ಗಡಿಬಿಡಿಯಲ್ಲಿ ಯಾರಿಗೂ ಏನೂ ಹೊಳೆಯಲಿಲ್ಲ.

ಸಾಹೇಬರು ಬಂದರು, ಹಾರ ಬಿತ್ತು, ಪ್ರಾರ್ಥನೆ ಮುಗಿಯಿತು. ಕೊಡ ಹಿಡಿದ ಸುಗಂಧಿ ವೇದಿಕೆಯ ಪಕ್ಕದಲ್ಲೇ ನಿಂತಿದ್ದಳು. ವಾಮನ ಶೇಟರು ಮೈಕಿನ ಮುಂದೆ ನಿಂತು, "ಇನ್ನು ಮುಂದೆ ನಮ್ಮ ಊರಿನವರು ನೆಮ್ಮದಿಯಿಂದ ಒಂದು ಲೋಟ ನೀರು ಕುಡಿಯುವಂತಾಗಲಿ ಎಂಬ ಸದುದ್ದೇಶದಿಂದ..." ಎನ್ನುತ್ತಿದ್ದ ಹಾಗೆ ಕೊಡದ ಮೇಲಿನ ತೆಂಗಿನಕಾಯಿ ಗಡಗಡ ಅಲುಗಿತು.

ಕೂಗು ಬಂತು. ಒಬ್ಬ ಹೆಂಗಸಿನದು. ಕಾಪಾಡಿ ಎನ್ನುವ ಚೀರಾಟವಲ್ಲ. ಮುಸ್ಸಂಜೆ ಆಟ ಬಿಟ್ಟು ಬಾರದ ಮಗುವನ್ನು ಅಂಗಳದಲ್ಲಿ ನಿಂತು ಕರೆಯುತ್ತೇವಲ್ಲ, ಆ ದನಿ. "ತಾಮೂ... ತಾಮೂ..." ಮತ್ತೆ ಮತ್ತೆ ಅದೇ ಹೆಸರು. ಮೈಕು ಹತ್ತಿರವಿದ್ದದ್ದರಿಂದ ಮೈದಾನಕ್ಕೆಲ್ಲ ಕೇಳಿತು.

"ಮೈಕಿನಾಗ ಯಾವುದೋ ಸ್ಟೇಷನ್ ಸಿಗಾಕತ್ತದ, ನೋಡ್ರಿ ಸ್ವಲ್ಪ" ಎಂದರು ಸಾಹೇಬರು. ಯಾರೂ ನಗಲಿಲ್ಲ. ಇನಾಸ ಹಿಂದಿನ ಸಾಲಿನಿಂದ ಎದ್ದು ಚಪ್ಪಲಿ ಬಿಟ್ಟು ಕೊಟ್ಟಿಗೆಯ ಕಡೆ ನಡೆದ, ಅವನ ಮೂವರೂ ಹಿಂದೆಯೇ ಹೋದರು. ಐದನೆಯ ಹುಟ್ಟು ಯಾರದ್ದು? ಅದಕ್ಕೆ ಬಿತ್ತು ನೋಡಿ ಗಲಾಟೆ.

"ಕೊಡ ಮಂಕಾಳಕ್ಕನದ್ದು!"

"ನೀರು ಶಾಲೆ ಬಾವಿದು. ಹೆಡ್‌ಮಾಸ್ಟ್ರು ಹೋಗಲಿ!" ಹೆಡ್‌ಮಾಸ್ಟರು ನಿಂತಿದ್ದವರು ಕೂತುಬಿಟ್ಟರು.

"ಸಭೆ ಯಾರು ಕರೆದದ್ದು? ಶೇಟ್ರು ಹೋಗಲಿ!"

"ಇದು ಸಾರ್ವಜನಿಕ ಕೊಡ!" ಎಂದು ಶೇಟರು ಮೈಕಿನಲ್ಲೇ ಕೂಗಿದರು. "ಸಾರ್ವಜನಿಕ ಕೊಡಕ್ಕೆ ನಿಯಮ ಇಲ್ಲ! ಒಂದು ಉಪಸಮಿತಿ ಮಾಡುವ!"

"ತಾಮೂ..." ಎಂದಿತು ಕೊಡ.

ಆಗ ಗಂಡಸರ ಸಾಲಿನಲ್ಲಿ ಜಟ್ಟಪ್ಪ ಎದ್ದು ನಿಂತ. "ಕೊಡ ನಮ್ಮ ಮನೇದು. ನಾನು ಹೋಗ್ತೇನೆ" ಎಂದವನೇ ಎಡಗೈ ಒಂದರಲ್ಲೇ ಲುಂಗಿ ಎತ್ತಿ ಕಟ್ಟಲು ನೋಡಿದ. ಕಟ್ಟಲಾಗಲಿಲ್ಲ. ಇನ್ನೊಮ್ಮೆ ನೋಡಿದ. ಒಂದು ವರ್ಷದಿಂದ ಸುಗಂಧಿ ಯಾವುದು ನಡೆಯಬಾರದೆಂದು ಊರೆಲ್ಲ ತಿರುಗಿ ಭಾಷಣ ಮಾಡಿದ್ದಳೋ ಅದು ಅವಳ ಕಣ್ಣೆದುರಿಗೇ ಲುಂಗಿ ಕಟ್ಟುತ್ತಿತ್ತು. ಅವಳ ತೋಳಿನಲ್ಲಿ ಕೊಡ ಕರೆಯುತ್ತಲೇ ಇತ್ತು.

"ನೀವು ಕೂತ್ಕೊಳ್ಳಿ" ಎಂದಳು ಗಂಡನಿಗೆ. ಮೆಲ್ಲಗೇ ಹೇಳಿದಳು, ಮೈಕು ಅದನ್ನೂ ಊರಿಗೆಲ್ಲ ಹೇಳಿತು. ತೆಂಗಿನಕಾಯಿ ತೆಗೆದು ಸಾಹೇಬರ ಕೈಗಿಟ್ಟಳು. ಕೊಡವನ್ನು ವಾಮನ ಶೇಟರ ತೋಳಿಗೆ ದಾಟಿಸಿ, "ಚೆಲ್ಲಬೇಡಿ ಶೇಟ್ರೇ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು. ಅವಳು ಅಳಿವೆಯ ಕಡೆಯ ಹುಡುಗಿ, ಮದುವೆಗೆ ಮುಂಚೆ ಹೊಳೆ ದಾಟಿಸುವ ಅಪ್ಪನ ಕಡವಿನ ದೋಣಿಗೆ ಹುಟ್ಟು ಹಾಕಿದವಳು. ಆದರೆ ಹೊಳೆ ಬೇರೆ, ಕಡಲು ಬೇರೆ.

ಕೊಡವನ್ನು ಇಳಿಸುವಂತಿಲ್ಲ ಎಂಬುದನ್ನು ಶೇಟರೂ ಬಲ್ಲರು. ಮುಕ್ಕಾಲಿನವರ ಮುಖಂಡ ತುಂಬಿದ ಕೊಡವನ್ನು ಮಡಿಲಲ್ಲಿಟ್ಟುಕೊಂಡು ಸಾಹೇಬರಿಗೆಂದು ಹಾಕಿದ್ದ ಕುರ್ಚಿಯಲ್ಲಿ ಕೂತರು. ನಾನು ಪಕ್ಕದಲ್ಲಿ ಮಣೆ ಹಾಕಿಕೊಂಡೆ, ಚೊಂಬು, ಒಂದು ಸೌಟು ಹಿಡಿದು. ನೀರು ಬಿಸಿಲಿಗೆ ಆರುತ್ತಿತ್ತು. ಸೌಟಿನಲ್ಲಿ ಒಂದಿಷ್ಟು, ಮತ್ತೆ ಒಂದಿಷ್ಟು ಅಂಚಿಗೆ ಸೇರಿಸುತ್ತ ಹೋದೆ. ನೋಡಿ ನೋಡಿ ಸಾಹೇಬರೂ ತಮ್ಮ ಕೊಡೆ ಬಿಚ್ಚಿ ನೀರಿಗೆ ನೆರಳು ಹಿಡಿದರು. ಇನ್ನೊಂದು ಕೈಯಲ್ಲಿ ತೆಂಗಿನಕಾಯಿ ಇತ್ತು, ಅದನ್ನು ಎಲ್ಲಿ ಇಡಬೇಕೆಂದು ಅವರಿಗೂ ತಿಳಿಯಲಿಲ್ಲ, ನಮಗೂ.

ಊಟದ ಹೊತ್ತು ದಾಟಿತು. ಜನ ಎದ್ದು ಹೋಗಲಿಲ್ಲ. ಕೊಡ ಕರೆಯುತ್ತಿತ್ತು, ದನಿ ಒಡೆದು ಗೊಗ್ಗರಾಗಿತ್ತು. ಶೇಟರು ಯಾರೂ ನೋಡುತ್ತಿಲ್ಲ ಎಂದುಕೊಂಡು ಕೊಡದ ಬಾಯಿಗೆ ಬಗ್ಗಿದರು.

"ಬರ್ತಾ ಇದ್ದಾರೆ. ಹೊರಟಾಗಿದೆ, ಬರ್ತಾ ಇದ್ದಾರೆ, ಸ್ವಲ್ಪ ತಡ್ಕೊ ತಂಗಿ" ಎಂದರು.

ಇಲ್ಲಿಂದ ಅಲ್ಲಿಗೆ ಕೇಳುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆದರೂ ಅವರು ಹೇಳುತ್ತಲೇ ಇದ್ದರು.

ಹೊತ್ತು ಇಳಿಯುವಾಗ ದನಿ ಪಟ್ಟನೆ ನಿಂತಿತು. ಶೇಟರು ನನ್ನ ಕಡೆ ತಿರುಗಿದರು. "ನಿಂತೋಯ್ತು ಮಂಕಾಳಕ್ಕ. ನಾನು ಚೆಲ್ಲಿಲ್ಲ. ನೀವೇ ನೋಡಿ, ಅಂಚಿಗುಂಟು. ದೇವರಾಣೆ ನಾನು ಚೆಲ್ಲಿಲ್ಲ." ನೋಡಿದೆ. ಅಂಚಿಗೇ ಇತ್ತು. ನೀರು ಇಳಿಯದೆ ದನಿ ನಿಂತರೆ ಎರಡೇ ಅರ್ಥ, ಒಂದೋ ಕೈಗೆ ಸಿಕ್ಕರು, ಇಲ್ಲವೋ ಇಲ್ಲ. ಯಾವುದೆಂದು ದೋಣಿ ಕಾಣುವ ತನಕ ತಿಳಿಯುವುದಿಲ್ಲ. ಇಳಿಸಬಹುದಾ ಎಂದು ಶೇಟರು ಕೇಳಲಿಲ್ಲ, ಇನ್ನೂ ಬಿಗಿಯಾಗಿ ತಬ್ಬಿಕೊಂಡರು.

ಕೊನೆಗೆ ದಡದಲ್ಲಿ ನಿಂತಿದ್ದ ಜಟ್ಟಪ್ಪನ ಕೂಗು ಬಂತು: "ಐದೂ ಹುಟ್ಟು ಕಾಣ್ತದೆ!"

ದೋಣಿಯಿಂದ ಒಬ್ಬ ಮುದುಕ ಇಳಿದ, ಒಬ್ಬ ಹೆಂಗಸು ಇಳಿದಳು. ಆಮೇಲೆ ಸುಗಂಧಿ ಇಳಿದಳು, ಸೊಂಟದ ಮೇಲೆ ಒಂದು ಪುಟ್ಟ ಹುಡುಗಿ, ಸುಗಂಧಿಯ ಅರ್ಧ ಸೀರೆ ಅದಕ್ಕೇ ಸುತ್ತಿತ್ತು. "ಇದೇ ಅತ್ತೆ ತಾಮು" ಎಂದಳು, ಯಾವುದೋ ನೆಂಟರ ಮಗುವನ್ನು ತೋರಿಸಿದ ಹಾಗೆ. ಸಾಹೇಬರು ಕಾರು ಹತ್ತಿದರು. ಕೀಲಿಕೈಯ ಬದಲು ತೆಂಗಿನಕಾಯಿ ಹಿಡಿದು ಹೋದರು. ಸಭೆಯನ್ನು ಯಾರೂ ಮುಗಿಸಲಿಲ್ಲ, ಮುಂದಕ್ಕೂ ಹಾಕಲಿಲ್ಲ.

ಮೂವರಿಗೂ ಊಟ ನಮ್ಮ ಮನೆಯಲ್ಲೇ. ಸುಗಂಧಿಯ ಅಂಗೈ ಎರಡೂ ಬೊಬ್ಬೆ ಎದ್ದಿದ್ದವು, ಬಟ್ಟೆ ಸುತ್ತಿಕೊಂಡೇ ಬಡಿಸಿದಳು. ಬೇಡವೆಂದರೂ ಕೇಳಲಿಲ್ಲ. "ಮಗು ಒಂದು ಡ್ರಮ್ಮಿನ ಮೇಲೆ ದೂರ ತೇಲಿ ಹೋಗಿತ್ತು ಅತ್ತೆ" ಎಂದಳು ಸಾರು ಹಾಕುತ್ತ. "ಇವಳು ನಮ್ಮನ್ನು ಕರೆದದ್ದೇ ಅಲ್ಲ. ಮಗು ನಿದ್ದೆ ಹೋಗಿ ಜಾರಿಬಿಡ್ತದೆ ಅಂತ, ಎಚ್ಚರ ಇರ್ಲಿಕ್ಕೆ ಹೆಸರು 
ಕರೀತಾ ಇದ್ದದ್ದು. ಬೆಳಗ್ಗಿಂದ."

ಅನ್ನ ಬಡಿಸಿದಳು, ಮತ್ತೆ ಬಡಿಸಿದಳು. ಹುಡುಗಿಯ ಎಲೆಯಲ್ಲಿ ಗುಡ್ಡವಾಯಿತು. ಅದಕ್ಕೆ ಸಾಕು ಎನ್ನಲು ಮಾತು ಗೊತ್ತಿಲ್ಲ. ತುಂಬಿದ ಬಾಯಿಯಲ್ಲಿ ದೊಡ್ಡ ಕಣ್ಣು ಬಿಟ್ಟು ಸೌಟನ್ನೇ ನೋಡುತ್ತಿತ್ತು. ಸುಗಂಧಿ ಸೌಟು ಹಿಡಿದವಳು ಹಾಗೇ ನಿಂತಳು. ನಗು ಬಂತು ಅವಳಿಗೆ. ಜಟ್ಟಪ್ಪನೂ ನಕ್ಕ. ನಗುತ್ತ ನಗುತ್ತ ಅವಳು ನೆಲದ ಮೇಲೆ ಕೂತುಬಿಟ್ಟಳು, ಕೂತವಳು ಅತ್ತಳು. ಹೆಂಗಸು ಎದ್ದು ಬಂದು ಏನೂ ತಿಳಿಯದೆ ಅವಳ ತಲೆ ಸವರಿದಳು.

"ಇವರಿಗೆ ಆ ಒಂದು ಮಾತು ಕಲಿಸ್ಲಿಕ್ಕಾದ್ರೂ ಅವಳು ಬೇಕಲ್ಲ ಅತ್ತೆ" ಎಂದಳು ಸುಗಂಧಿ, ಮೂಗು ಒರೆಸಿಕೊಳ್ಳುತ್ತ. ಎದ್ದು ಹೋಗಿ ಅಕ್ಕಿ ಡಬ್ಬ ಎತ್ತಿ ಕಾಗದ ತಂದಳು. ಯಾವ ಮೂಲೆಯಲ್ಲಿ ಇದೆಯೆಂದು ಅವಳು ಹುಡುಕಬೇಕಾಗಿರಲಿಲ್ಲ.

"ಕೈ ವಾಸಿಯಾಗಲಿ, ನಾಡಿದ್ದು ಹಾಕು" ಎಂದೆ.

"ನೀವು ಕಾದದ್ದು ಸಾಲದಾ?" ಎಂದು ಬಟ್ಟೆ ಸುತ್ತಿದ ಮುಷ್ಟಿಯಲ್ಲೇ ಪೆನ್ನು ಹಿಡಿದು ರುಜು ಹಾಕಿದಳು. ನನ್ನ ಸಾಲು ಮೇಲೆ ಹತ್ತಿತ್ತು, ಅವಳ ಹೆಸರು ಕೆಳಗೆ ಜಾರಿತು. "ಒಂದು ಮಾತು. ಅವಳು ಬಂದ ಮೇಲೆ ಮೀನು ಹೆಚ್ಚುವುದು ಅವಳೇ. ನನಗೆ ಸಾಕಾಗಿದೆ" ಎಂದಳು.

ಬೆಳಿಗ್ಗೆ ಇಬ್ಬರೂ ಅಂಚೆಪೆಟ್ಟಿಗೆಗೆ ಹೊರಟೆವು. ವಾಮನ ಶೇಟರು ಅಂಗಡಿ ತೆರೆದು ಕೂತು ಚಾಕುವಿನಲ್ಲಿ ಏನೋ ಕೆತ್ತುತ್ತಿದ್ದರು. ನೋಡಿದರೆ ಸಣ್ಣ ಸಣ್ಣ ಮರದ ಬಿರಡೆಗಳು.

"ಎಂತ ಶೇಟ್ರೇ ಇದು?"

"ತೂತಿಗೆ" ಎಂದರು ತಲೆಯೆತ್ತದೆ. "ನಾನು ಮುಕ್ಕಾಲಿನವನೇ, ಅದರಲ್ಲಿ ಬದಲಿಲ್ಲ. ಎಲ್ಲದಕ್ಕೂ ಒಂದು ನಿಯಮ ಬೇಕು. ಬೇಕಾದವರು ಬಿರಡೆ ಹಾಕ್ಕೊಳ್ಳಲಿ, ಬೇಡಾದವರು ತೆಗೀಲಿ."

ಅವರ ಹಿಂದೆ ಬಾಗಿಲ ಬಳಿ ಅವರ ಮನೆಯದೇ ಒಂದು ಕೊಡ ಇತ್ತು. ಅದಕ್ಕೆ ಬಿರಡೆ ಹಾಕಿತ್ತೋ ಇಲ್ಲವೋ ನಾನು ನೋಡಲಿಲ್ಲ. ಬಗ್ಗಿ ನೋಡುವ ಚಾಳಿ ಒಳ್ಳೆಯದಲ್ಲ.

ಅಂಚೆಪೆಟ್ಟಿಗೆ ಆಲದ ಮರಕ್ಕೆ ನೇತು ಬಿದ್ದಿದೆ, ಅದರ ಬಾಯಿ ತುಕ್ಕು ಹಿಡಿದು ಕಿರಿದಾಗಿದೆ. ಕಾಗದವನ್ನು ಒಳಗೆ ತಳ್ಳಿದೆ. ಬಿದ್ದ ಸದ್ದು ಕೇಳಲಿಲ್ಲ. ಸಿಕ್ಕಿಕೊಂಡಿತೋ ಏನೋ ಎಂದು ಕೈಯನ್ನು ಮಣಿಕಟ್ಟಿನವರೆಗೆ ಒಳಗೆ ಹಾಕಿ ತಡಕಾಡಿದೆ. ಬಳೆ ತಗಡಿಗೆ ತಾಗಿ ಟಣ್ ಎಂದಿತು, ಬೆರಳಿಗೆ ಏನೂ ಸಿಗಲಿಲ್ಲ. ಘಟ್ಟದ ಬಸ್ಸಿಗೆ ಅಂಚೆಚೀಲ ಹಾಕುವವನು ಸೈಕಲ್ ನಿಲ್ಲಿಸಿ, ಈ ಮುದುಕಿ ಯಾವಾಗ ಕೈ ತೆಗೆಯುತ್ತಾಳೋ ಎಂದು ಕಾಯುತ್ತಿದ್ದ.

"ಅತ್ತೆ, ಕೈ ತೆಗೀರಿ" ಎಂದಳು ಸುಗಂಧಿ, ಬಟ್ಟೆ ಸುತ್ತಿದ ಕೈಯಲ್ಲಿ ನನ್ನ ಮೊಣಕೈ ಹಿಡಿದು. "ಅದು ಹೋಯ್ತು."